ಮೂಲೆಕಂಬದ ತಂತಿ

ದ್ರಾಕ್ಷಿ ಚಪ್ಪರದ ವಿಷಯದಲ್ಲಿ ನಮ್ಮಪ್ಪ ಹೇಳಿದ್ದೇ ವೇದ. ಕಲ್ಲುಕಂಬ ನೆಡಿಸಿದವರು ಅವರು, ತಂತಿ ಹೆಣೆಸಿದವರೂ ಅವರೇ. ನಾನು ಗೌರಿಬಿದನೂರಿನಲ್ಲಿ ಮೇಷ್ಟ್ರು, ಭಾನುವಾರ ಮಾತ್ರ ತೋಟದ ಆಳು. ಅಮ್ಮನಿಗಂತೂ ಚಪ್ಪರದ ಬಗ್ಗೆ ಬಾಯಿ ಬಿಡುವ ಹಕ್ಕೇ ಇರಲಿಲ್ಲ. ಆದರೂ ಆಕೆ ಮನೆ ಕಡೆಯ ಮೂಲೆಕಂಬದಿಂದ ಚಪ್ಪರದ ಹೊರಗಿನ ಬೇವಿನ ಮರಕ್ಕೆ, ಕೆಲಸ ಮುಗಿದು ಉಳಿದಿದ್ದ ದಪ್ಪ ತಂತಿಯನ್ನು ಎರಡೆಳೆ ಮಾಡಿ, ಬಟ್ಟೆ ಒಣಹಾಕಲು ಕಟ್ಟಿಸಿಕೊಂಡಿದ್ದಳು. ಒಗೆದ ಬಟ್ಟೆ ಜೋತು ಮಣ್ಣಿಗೆ ತಾಗಿದರೆ ಆಕೆಗಾಗದು. ಚೂರು ಸಡಿಲವಾದರೂ ನನ್ನ ಕೈಲಿ ಬಿಗಿ ಮಾಡಿಸುತ್ತಿದ್ದಳು. "ಕಂಬಕ್ಕೆ ದಂಡದ ಭಾರ" ಎಂದು ಅಪ್ಪ ಬೈಯುತ್ತಲೇ ಇದ್ದರು. ಆಕೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು.

ಚಪ್ಪರದ ಅಂಚಿನ ಕಂಬಗಳು ಒಳಕ್ಕೆ ವಾಲದಂತೆ ಹಿಡಿಯುವುದು ಹೊರಗಡೆಗೆ ಎಳೆದು ಕಟ್ಟಿದ ತಂತಿಗಳು. ಅವುಗಳ ಕೆಳತುದಿಯನ್ನು ನೆಲದಲ್ಲಿ ಹೂತ ಕಲ್ಲಿಗೆ ಸುತ್ತಿರುತ್ತಾರೆ. ಆಯುಧಪೂಜೆಗೆ ಅಪ್ಪ ಅವಕ್ಕೆಲ್ಲ ಸಿಲ್ವರ್ ಪೇಂಟ್ ಹೊಡೆಸುವರು. ಹೋದ ವರ್ಷ ಗೊನೆಗಳು ಬಣ್ಣ ತಿರುಗುವ ಹೊತ್ತಿಗೆ, ಮನೆ ಕಡೆಯ ಮೂಲೆಯ ತಂತಿಯಲ್ಲಿ ನೆಲದ ಹತ್ತಿರ ಪೇಂಟು ಉಬ್ಬಿತು. ಬೆರಳಲ್ಲಿ ಕೆರೆದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬಂತು. ಕೊಟ್ಟಿಗೆಯ ಗಂಜಳ ಹರಿದು ಆ ಮೂಲೆಯಲ್ಲೇ ಇಂಗುತ್ತಿದ್ದುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮೂಲೆ ಹೋದರೆ ಚಪ್ಪರ ಕುಸಿದು ವರ್ಷದ ಬೆಳೆ ನೆಲದ ಪಾಲು. ಚಿಕ್ಕಬಳ್ಳಾಪುರಕ್ಕೆ ಹೋಗಿ ಹೊಸ ತಂತಿ ತಂದೆ.

ಭಾನುವಾರ ಬೆಳಿಗ್ಗೆ ಅಪ್ಪ ಚಪ್ಪರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಹುಕುಂ ಮಾಡಿದರು: "ಮೊದ್ಲು ಆ ಬಟ್ಟೆ ತಂತಿ ಕಟ್ ಮಾಡಪ್ಪ. ಅಗೆಯಕ್ಕೆ ಅಡ್ಡ ಆಗ್ತದೆ."

ನಾನು ಕಟಿಂಗ್ ಪ್ಲೇಯರನ್ನು ತಂತಿಗೆ ಹಿಡಿದೂ ಆಗಿತ್ತು. ಅಮ್ಮ ಬಕೆಟ್ ಸಮೇತ ಅಡ್ಡ ಬಂದಳು.

"ಈಗಿನ್ನೂ ಹರವಿದೀನಿ ಕಣೋ. ಒಣಗಲಿ, ಆಮೇಲೆ ಏನಾದ್ರೂ ಮಾಡ್ಕೊಳ್ರಿ."

ಅಪ್ಪ ಗೊಣಗಿದರು. ನಾನು ಹಸಿ ಸೀರೆಗಳ ಕೆಳಗೆ ತಲೆ ಬಗ್ಗಿಸಿಕೊಂಡೇ ಅಗೆದೆ. ಮೊಣಕಾಲುದ್ದ ಹೋಗುವಷ್ಟರಲ್ಲಿ ತುಕ್ಕಿನ ತಂತಿ ತಾನೇ ಸಡಿಲಿ ಮೇಲೆ ಬಂತು. ಅದರ ಕೆಳತುದಿಯೇ ಇರಲಿಲ್ಲ. ಹೂತ ಕಲ್ಲಿನ ಸುತ್ತ ಒಂದಿಷ್ಟು ಕೆಂಪು ಪುಡಿ ಇತ್ತು, ಅಷ್ಟೆ. ಮೇಲೆ ಥಳುಕು, ಒಳಗೆ ಹುಳುಕು. ಯಾವತ್ತು ತುಂಡಾಗಿತ್ತೋ, ಗಟ್ಟಿ ಮಣ್ಣು ಕಚ್ಚಿಕೊಂಡು ನೆಟ್ಟಗೆ ನಿಂತಿತ್ತು.

ಅಪ್ಪನೂ ನಾನೂ ಒಟ್ಟಿಗೇ ತಲೆಯೆತ್ತಿ ಅಮ್ಮನ ತಂತಿ ನೋಡಿದೆವು. ಅದು ಬೇವಿನ ತೊಗಟೆಯೊಳಗೆ ಇಳಿದುಹೋಗಿತ್ತು. ಬೆರಳಲ್ಲಿ ಮೀಟಿದರೆ ಝುಂ ಎಂದಿತು. ಮೂಲೆಯ ಭಾರವೆಲ್ಲ ಅದರ ಮೇಲಿತ್ತು, ಚಪ್ಪರದ ಕೆಳಗೆ ಅಪ್ಪ ಕೂತಿದ್ದರು. ಪ್ಲೇಯರನ್ನು ಬೇಲಿ ಕಡೆಗೆ ಎಸೆದುಬಿಟ್ಟೆ.

ಹೊಸ ಕಲ್ಲು ಹೂತು, ಹೊಸ ತಂತಿ ಎಳೆದು ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಅಮ್ಮ ಒಣಗಿದ ಸೀರೆ ಮಡಿಸಿಕೊಂಡು ಒಳಗೆ ಹೋಗಿದ್ದಳು.

"ಈಗ ಬಟ್ಟೆ ತಂತಿ ಏನ್ಮಾಡಣ?" ಎಂದೆ.

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡರು. "ನಿಮ್ಮಮ್ಮನ್ನ ಕೇಳು" ಅಂದರು.

ಚಪ್ಪರದ ವಿಷಯಕ್ಕೆ ಅಮ್ಮನನ್ನು ಕೇಳು ಎಂದು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನನಗೆ ನಗು ಬಂತು. ಒಳಗೆ ಹೋಗಿ ಕೇಳಿದೆ. ಅಮ್ಮ ಒಲೆಯಿಂದ ಈಚೆ ತಿರುಗಲಿಲ್ಲ.

"ನಾಳೆ ಕಂಬಳಿ ಒಗೀಬೇಕು. ಇನ್ನೊಂಚೂರು ಬಿಗಿ ಆಗ್ಬೇಕು. ಈ ಸಲ ಅವ್ರಿಗೇ ಮಾಡಕ್ಕೆ ಹೇಳು."

ಬಂದು ಹೇಳಿದೆ. ಅಪ್ಪ ಪ್ಲೇಯರ್ ಹುಡುಕಿಕೊಂಡು ಬೇಲಿ ಕಡೆಗೆ ಹೋದರು.