ಪ್ಲಾಸ್ಟಿಕ್ ಒಲೆಯ ಮೇಲೆ ಉಕ್ಕಿದ ಹಾಲು

ಆಗಸ್ಟ್ 10, ಭಾನುವಾರ, ಬೆಳಗ್ಗೆ ಏಳು ನಲವತ್ತು. ಹಾಲು ಉಕ್ಕಿದೆ. ಬರ್ನರಿನ ಸುತ್ತ ಹರಿದು, ಕಂದು ಬಣ್ಣಕ್ಕೆ ತಿರುಗಿ, ಅಡುಗೆಮನೆಯೆಲ್ಲ ಸೀದ ವಾಸನೆ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಒರೆಸಿ, ಬಟ್ಟೆ ಹಿಂಡಿ ಒಣಹಾಕಿ, ಡೈರಿಯಲ್ಲಿ ‘ಹಾಲು ಉಕ್ಕಿತು, ಈ ವರ್ಷ ನಾಲ್ಕನೆಯ ಸಲ’ ಎಂದು ಬರೆದು ಮುಗಿಸಿರುತ್ತಿದ್ದೆ. ಇವತ್ತು ಒರೆಸುವ ಮೊದಲೇ ಬರೆಯಲು ಕೂತಿದ್ದೇನೆ. ಈ ವಾಸನೆ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೋ ಗೊತ್ತಿಲ್ಲ. ನನ್ನನ್ನು ಮಾತ್ರ ಜಕ್ಕೂರಿನ ಒಂದು ಮಹಡಿ ಕೋಣೆಯಲ್ಲಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಒಲೆಯ ಮುಂದೆ ಕೂರಿಸುತ್ತದೆ. ಆ ಒಲೆಯ ಮೇಲೆ ಒಂದು ಹನಿ ಹಾಲೂ ಬಿದ್ದದ್ದಿಲ್ಲ, ಅದು ಬೇರೆ ಮಾತು.

ಎರಡು ವರ್ಷದ ಹಿಂದೆ, ಆಟದ ಮೂಲಕ ಮಕ್ಕಳಿಗೆ ಚಿಕಿತ್ಸೆ ಕೊಡುವ ತರಬೇತಿ ಮುಗಿಸಿ, ನನ್ನದೇ ಒಂದು ಕೋಣೆ ಮಾಡಿಕೊಳ್ಳಲು ಹೊರಟೆ. ಕೇಳಿದವರೆಲ್ಲ ‘ಪ್ಲೇ ಹೋಮಾ?’ ಅನ್ನುತ್ತಿದ್ದರು. ಅಲ್ಲ. ಮನಸ್ಸಿನ ಭಾರವನ್ನು ದೊಡ್ಡವರು ಮಾತಾಡಿ ಇಳಿಸಿಕೊಳ್ಳುತ್ತಾರೆ, ಮಕ್ಕಳು ಆಡಿ ಇಳಿಸಿಕೊಳ್ಳುತ್ತಾರೆ. ಅದಕ್ಕೊಂದು ಜಾಗ, ಒಂದಷ್ಟು ಆಟಿಕೆ, ಜೊತೆಗೆ ಕೂರುವ ಒಬ್ಬರು ಬೇಕು, ಅಷ್ಟೆ. ಹಾಗೆ ಕೂತವರು ಕಲಿಸಬಾರದು, ತಿದ್ದಬಾರದು, ಮಗು ಕರೆದ ಕಡೆ ಹೋಗಬೇಕು. ಈ ಉತ್ತರವನ್ನು ಪರೀಕ್ಷೆಯಲ್ಲಿ ಅಂದವಾಗಿ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಿದ್ದೆ.

ಕೋಣೆಯನ್ನೂ ಪರೀಕ್ಷೆ ಬರೆದ ಹಾಗೆಯೇ ಸಿದ್ಧಮಾಡಿದೆ. ಮಕ್ಕಳ ಎತ್ತರಕ್ಕೆ ಕಪಾಟು ಇರಬೇಕೆಂದು ಇಡೀ ಒಂದು ದಿನ ಮಂಡಿಯ ಮೇಲೆ ನಡೆದು ಅಳತೆ ತೆಗೆದೆ. ಕಪಾಟು ಸರಿಯಾಗಿ ಬಂತು, ಮಂಡಿ ಮಾತ್ರ ವಾರವಿಡೀ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಮರಳಿನ ತಟ್ಟೆಗೆ ಮರಳು ಬೇಕೆಂದಾಗ ಮನೆ ಓನರ್ ಮುನಿರತ್ನಮ್ಮ, “ಎಷ್ಟು ಲೋಡ್ ಬೇಕವ್ವಾ?” ಎಂದು ಫೋನ್ ಕೈಗೆತ್ತಿಕೊಂಡರು. ಅವರ ರಾಗಿ ಹೊಲ ಹೋಗಿ ಸಾಲಾಗಿ ಕಟ್ಟಡಗಳು ಎದ್ದಿದ್ದವು, ಮರಳೆಂದರೆ ಅವರಿಗೆ ಲಾರಿ ಲೆಕ್ಕ. ಒಂದು ಬಕೆಟ್ ಸಾಕೆಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೊನೆಗೆ ಪ್ರತಿ ಆಟಿಕೆಯ ಜಾಗದಲ್ಲೂ ಅದರ ಚಿತ್ರವಿರುವ ಚೀಟಿ ಅಂಟಿಸಿದೆ. ಪಾತ್ರೆ, ಲೋಟ, ಸೌಟು, ಡಾಕ್ಟರ್ ಪೆಟ್ಟಿಗೆ, ಹುಲಿ. ಹುಲಿ ತನ್ನ ಚೀಟಿಯ ಮೇಲೆ ನೇರವಾಗಿ ನಿಂತಿದ್ದನ್ನು ನೋಡಿ ನನಗಾದ ಸಂತೋಷವನ್ನು ಯಾರೊಂದಿಗೂ ಹಂಚಿಕೊಳ್ಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಆರಂಭದ ದಿನ ಮುನಿರತ್ನಮ್ಮ ಹಾಲಿನ ಪಾಕೆಟ್ ಹಿಡಿದು ಮೇಲೆ ಬಂದರು.

“ಒಸ ಜಾಗ್ದಲ್ಲಿ ಆಲು ಉಕ್ಕಿಸ್ದೆ ಕೆಲ್ಸ ಸುರು ಮಾಡ್ತಾರೇನವ್ವಾ?”

“ಮಕ್ಕಳ ರೂಮಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ ಅಮ್ಮ. ರೂಲ್ಸ್ ಇದೆ.”

“ಯಾರ್ ಮಾಡಿದ್ ರೂಲ್ಸು?”

“ನಾನೇ.”

ಅವರು ಸುತ್ತ ನೋಡಿದರು. ಗುಲಾಬಿ ಒಲೆ ಕಂಡಿತು. “ಇದ್ಯಾಕೈತೆ ಮತ್ತೆ?” ಅನ್ನುತ್ತ ಸೆರಗು ಸಿಕ್ಕಿಸಿ, ಮಕ್ಕಳ ಕುರ್ಚಿಯ ಮೇಲೆ ಕೂತೇಬಿಟ್ಟರು. ಕುರ್ಚಿ ಕಿರುಗುಟ್ಟಿತು. ಪಾಕೆಟ್ಟನ್ನು ಪಕ್ಕಕ್ಕಿಟ್ಟು, ಬರಿಗೈಯಲ್ಲೇ ಪಾತ್ರೆಗೆ ಹಾಲು ಸುರಿದರು. ಬೆಂಕಿ ಹಚ್ಚಿದರು, ಉರಿ ಸಣ್ಣ ಮಾಡಿದರು, ಬಗ್ಗಿ ನೋಡಿದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ, ನಿಜವಾದ ಹಾಲಿನ ಹಾಗೆಯೇ. ಆಮೇಲೆ ಎರಡೂ ಕೈ ಮೇಲೆತ್ತಿ, “ಉಕ್ತು ಉಕ್ತು! ಮೂಡ್ಲಕ್ಕೇ ಉಕ್ತು ನೋಡು, ಒಳ್ಳೇದಾಯ್ತದೆ” ಎಂದು ಕೂಗಿ, ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ನಾನು, ತರಗತಿಗೇ ಹೆಚ್ಚು ಅಂಕ ತೆಗೆದವಳು, ಲೋಟದೊಳಗೆ ನೋಡಿ ಹೇಳಿದೆ: “ಖಾಲಿ ಇದೆ ಅಮ್ಮ.”

ಮುನಿರತ್ನಮ್ಮನ ಮುಖ ಬಿದ್ದುಹೋಯಿತು. “ನೀನೇನವ್ವಾ ಮಕ್ಳುನ್ನ ಆಡ್ಸೋಳು!” ಎಂದು ಪಾಕೆಟ್ ಎತ್ತಿಕೊಂಡು ಕೆಳಗಿಳಿದರು. ನಾನು ಲೋಟವನ್ನು ಅದರ ಚೀಟಿಯ ಮೇಲೆ ನೇರವಾಗಿ ಇಟ್ಟೆ.

ಮೊದಲು ಬಂದದ್ದು ಆರು ವರ್ಷದ ಹುಡುಗಿ. ಅವಳ ಅಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಪುಟ್ಟಿ ಅನ್ನುವ ಹೆಸರು ಮಾತ್ರ ನಾನಿಟ್ಟದ್ದು. ಅವಳ ಅಪ್ಪ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು, ಇನ್ನೂ ಹಾಸಿಗೆಯಲ್ಲೇ ಇದ್ದರು. ಅಪ್ಪ ಮಲಗಿದ್ದಾರೆ, ಶಬ್ದ ಮಾಡಬೇಡ, ಜಾಣೆಯಾಗಿರು ಎಂದು ಮನೆಯವರು ಹೇಳಿದ್ದರು, ಪುಟ್ಟಿ ಜಾಣೆಯಾದಳು. ಎಷ್ಟು ಜಾಣೆಯಾದಳೆಂದರೆ ಆಡುವುದನ್ನೇ ಬಿಟ್ಟಳು. “ಗಲಾಟೆ ಮಾಡ್ಲಿ ಮೇಡಂ, ಏನಾದ್ರೂ ಒಡೀಲಿ, ಸಾಕು” ಅಂದಿದ್ದರು ಅವಳಮ್ಮ.

ನನ್ನ ಕೋಣೆಯಲ್ಲಿ ಪುಟ್ಟಿ ಏನು ಮಾಡಿದಳು ಗೊತ್ತೇ? ಪ್ರತಿಯೊಂದಕ್ಕೂ “ಮುಟ್ಬಹುದಾ ಮಿಸ್?” ಎಂದು ಕೇಳಿದಳು. ಮುಟ್ಟಿದ್ದನ್ನು ಚೀಟಿ ನೋಡಿ ಹಾಗೆಯೇ ವಾಪಸ್ಸಿಟ್ಟಳು. ಹುಲಿಯ ಬಾಲ ಸ್ವಲ್ಪ ಹೊರಗಿದ್ದರೆ ಅದನ್ನೂ ಒಳಗೆ ತಳ್ಳಿದಳು. ನಾಲ್ಕು ವಾರ ಹೀಗೆಯೇ ನಡೆಯಿತು. ನನ್ನ ಚೀಟಿಗಳಿಗೆ ಅಷ್ಟು ಮರ್ಯಾದೆ ಕೊಟ್ಟವರು ಇನ್ನೊಬ್ಬರಿಲ್ಲ. ಒಳಗೊಳಗೇ ನನಗೆ ಹೆಮ್ಮೆ, ಇಂಥ ಮಗುವಿಗೆ ಚಿಕಿತ್ಸೆ ಯಾಕೆ ಎನ್ನುವವರೆಗೆ.

ನಾಲ್ಕನೆಯ ವಾರ ಅವಳಮ್ಮ ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ನೋಡಿದರು. “ಇಲ್ಲೂ ಎಲ್ಲಾ ಜೋಡಿಸ್ಬಿಟ್ಳಾ?” ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. ಜೋಡಿಸಿದವಳು ನಾನು, ಮಗು ಕಾವಲು ಕಾಯುತ್ತಿದೆ ಅಷ್ಟೆ ಎಂದು ಹೇಳಬೇಕಿತ್ತು. ಅವರು ಹೋದ ಮೇಲೆ ಕೂತು ಒಂದೊಂದೇ ಚೀಟಿ ಕಿತ್ತೆ. ಒಳ್ಳೆಯ ಅಂಟು ನೋಡಿ ತಂದಿದ್ದೆನಲ್ಲ, ಬಣ್ಣವೂ ಜೊತೆಗೇ ಬಂತು. ಹುಲಿಯ ಚೀಟಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದನ್ನೂ ಕಿತ್ತೆ.

ಮುಂದಿನ ವಾರ ಪುಟ್ಟಿ ಪಾತ್ರೆ ಹಿಡಿದು ಕಪಾಟಿನ ಮುಂದೆ ನಿಂತಳು. “ಇದು ಎಲ್ಲಿಡ್ಬೇಕು?”

“ನಿಂಗೆಲ್ಲಿ ಬೇಕೋ ಅಲ್ಲಿ.”

ಅವಳು ನನ್ನನ್ನು ನೋಡಿದಳು, ಕಪಾಟನ್ನು ನೋಡಿದಳು, ಆಮೇಲೆ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಮರಳು ತಂದು ಸುರಿದಳು. ಅಂಚಿನವರೆಗೆ ಬಂತು. ನಿಲ್ಲಿಸಲಿಲ್ಲ. ಮರಳು ಒಲೆಯ ಮೇಲೆ, ನೆಲದ ಮೇಲೆ, ನನ್ನ ಪಾದದ ಮೇಲೆ ಚೆಲ್ಲಿತು. ಮೂರು ಸಲ ಜರಡಿ ಹಿಡಿದ ಮರಳು! ನನ್ನ ಬಲಗೈ ತಾನಾಗಿಯೇ ಪೊರಕೆಯ ಕಡೆ ಹೊರಟಿತು. ಆ ಕೈಯ ಮೇಲೆಯೇ ಕೂತುಬಿಟ್ಟೆ.

“ಹಿಡ್ಕೊಳ್ಳಿ ಮಿಸ್” ಎಂದು ಲೋಟ ಕೊಟ್ಟಳು. ಈ ಸಲ ತಪ್ಪು ಮಾಡಲಾರೆ ಎಂದು ಚೆನ್ನಾಗಿ ಊದಿ, ಆರಿಸಿ, ಗಟಗಟ ಕುಡಿದು, “ಹಾಲು ತುಂಬಾ ಚೆನ್ನಾಗಿದೆ” ಅಂದೆ.

ಪುಟ್ಟಿಯ ಕಣ್ಣು ದೊಡ್ಡದಾಯಿತು. “ಅದು ಹಾಲಲ್ಲ, ಗಂಜಿ! ಅಪ್ಪಂಗೆ ಮಾಡಿದ್ದು! ಹಿಡ್ಕೊಳ್ಳಿ ಅಂದ್ರೆ ನೀವ್ಯಾಕ್ ಕುಡಿದ್ರಿ?”

ತಲೆಯ ಮೇಲೆ ಜಕ್ಕೂರಿನ ವಿಮಾನ ಶಾಲೆಯ ತರಬೇತಿ ವಿಮಾನವೊಂದು ಹಾದುಹೋಯಿತು, ಅವಳ ದನಿ ಅದಕ್ಕಿಂತ ಜೋರಾಗಿತ್ತು. ನನ್ನನ್ನು ಬೈಯುತ್ತಲೇ ಪಾತ್ರೆಯನ್ನು ದಬಾರನೆ ಬೋರಲು ಹಾಕಿ, ಸೌಟಿನಿಂದ ಬಡಿದು, ಇನ್ನೊಮ್ಮೆ ಗಂಜಿಗಿಟ್ಟಳು. ಕೆಳಗಿನಿಂದ ಮುನಿರತ್ನಮ್ಮ ಕೂಗಿದರು: “ಏನವ್ವಾ, ಮನೆ ಕೀಳ್ತಿದೀರಾ?” ಮೆಟ್ಟಿಲ ಮೇಲೆ ಕಾಯುತ್ತಿದ್ದ ಅವಳಮ್ಮ ಒಳಗೆ ಇಣುಕಿದರು.

“ಗಲಾಟೆ ಮಾಡ್ತಿದಾಳಾ ಮೇಡಂ?”

“ಹೂಂ.”

ಅವರು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಮತ್ತೆ ಕೂತರು.

ಪುಟ್ಟಿ ಮಳೆಗಾಲ ಮುಗಿಯುವವರೆಗೆ ಬಂದಳು. ಕೊನೆಯ ದಿನ ಕರೆದೊಯ್ಯಲು ಅವಳಪ್ಪನೇ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅವಳು ಓಡಿಹೋಗಿ ಲೋಟ ಕೊಟ್ಟಳು. ಅವರು ಅದರೊಳಗೆ ನೋಡಿದರು. ಅಲ್ಲಿ ಏನು ಕಾಣುತ್ತದೆಂದು ನನಗೆ ಗೊತ್ತಿತ್ತಲ್ಲ. ಅವರು ನಿಧಾನವಾಗಿ ಕುಡಿದು, ಬಾಯಿ ಒರೆಸಿಕೊಂಡು, “ಉಪ್ಪು ಕಮ್ಮಿ ಕಣೇ” ಅಂದರು. ಪುಟ್ಟಿ ಉಪ್ಪು ತರಲು ಓಡಿದಳು.

ಈಗ ಎಂಟೂಕಾಲು. ಸ್ಟವ್ ಮೇಲಿನ ಹಾಲು ಒಣಗಿದೆ, ಒರೆಸುವ ಬಟ್ಟೆಯೂ ಒಣಗಿಯೇ ಇದೆ. ಬಗ್ಗಿ ನೋಡಿದೆ: ಹಾಲು ಸಿಂಕಿನ ಕಡೆ, ಅಂದರೆ ದಕ್ಷಿಣಕ್ಕೆ ಹರಿದಿದೆ. ಮೂಡಣಕ್ಕೆ ಉಕ್ಕಿದರೆ ಒಳ್ಳೆಯದೆಂದು ಮುನಿರತ್ನಮ್ಮ ಹೇಳಿದ್ದರು, ಬಡಗಣಕ್ಕೂ ಅಡ್ಡಿಯಿಲ್ಲ ಎನ್ನುತ್ತಾರೆ ನನ್ನಮ್ಮ. ದಕ್ಷಿಣಕ್ಕೆ ಉಕ್ಕಿದರೆ ಏನೆಂದು ಇಬ್ಬರೂ ಹೇಳುತ್ತಿಲ್ಲ. ತಿಳಿದವರು ದಯವಿಟ್ಟು ನನಗೆ ಬರೆಯಿರಿ. ಪ್ಲಾಸ್ಟಿಕ್ ಒಲೆಯ ಮೇಲಿನ ಗಂಜಿಗೂ ಅದೇ ದಿಕ್ಕುಗಳೋ ಎಂಬುದನ್ನೂ ಮರೆಯದೆ ಸೇರಿಸಿ.