ಅಡ್ಡ ಕೊಯ್ಸಿದ ಡ್ರಮ್ಮು

ಅವ್ವನ ಮೊಣಕಾಲು ನೋವಿನ ಸುದ್ದಿ ನನ್ನ ಡೈರಿಯಲ್ಲಿ ಮೊದಲು ಬರುವುದು ಫೆಬ್ರವರಿ ಒಂಬತ್ತರಂದು. ಕಂಪ್ಲಿಯ ಗದ್ದೆಗಳಲ್ಲಿ ಹತ್ತೊಂಬತ್ತು ವರ್ಷ ಭತ್ತ ನಾಟಿ ಮಾಡಿದ್ದಳು, ವರ್ಷಕ್ಕೆ ಎರಡು ಬೆಳೆ. ದಿನಾ ಬೆಳಿಗ್ಗೆ ಅರ್ಧ ತಾಸು ಸೊಂಟದವರೆಗೆ ಬಿಸಿನೀರಲ್ಲಿ ಕೂರಬೇಕು ಎಂದರು ಡಾಕ್ಟರು. ನಾಟಿ ಗುಂಪಿನ ಮೇಸ್ತ್ರಿ ನಮ್ಮ ಪಕ್ಕದ ಮನೆಯಾಕೆ. ಜುಲೈನಲ್ಲಿ ಕಾಲುವೆಗೆ ನೀರು ಬಿಡುವವರೆಗೆ ಅವ್ವನ ಜಾಗ ಹಿಡಿದಿರುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದಿದ್ದಳು. ಅಪ್ಪ ತೀರಿಹೋಗಿದ್ದ. ಆ ಜಾಗದಿಂದಲೇ ನಾವಿಬ್ಬರೂ ಉಣ್ಣುತ್ತಿದ್ದೆವು.

ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಮೂರು ಮನೆಗೆ ಸೇರಿ ಒಂದೇ ಬಚ್ಚಲು. ಬೆಳಿಗ್ಗೆ ಅಂಗಳಕ್ಕೆ ಎಳೆದು, ಸೀರೆ ಮರೆ ಕಟ್ಟಿ, ಆಮೇಲೆ ಒಳಗೆ ತಂದಿಡಬಹುದಾದ ಟಬ್ಬು ಬೇಕಿತ್ತು. ನಾನಾಗ ಪಿಯುಸಿ ಮುಗಿಸಿದ್ದೆ. ಎಲ್ಲವನ್ನೂ ಅಳೆದು ಬರೆದಿಡುವ ಚಟ. ಹೊಸಪೇಟೆ ಅಂಗಡಿಯ ಪ್ಲಾಸ್ಟಿಕ್ ಟಬ್ಬುಗಳಿಗೆ ಆಳವಿರಲಿಲ್ಲ. ತಾಮ್ರದ್ದರ ಬೆಲೆ ಕೇಳುವಂತೆಯೇ ಇರಲಿಲ್ಲ. ಮೇಸ್ತ್ರಿಯ ಅಗಲವಾದ ತಗಡಿನ ಟಬ್ಬಿಗೆ ನಾಲ್ಕು ಕೊಡ ಬಿಸಿನೀರು ಸುರಿದು, ಐದು ನಿಮಿಷಕ್ಕೊಮ್ಮೆ ಬೆರಳದ್ದಿದೆ. ಹದಿನೈದು ನಿಮಿಷಕ್ಕೆ ಉಗುರುಬೆಚ್ಚಗಾಯಿತು. ಅಷ್ಟೇ ನೀರು ಆಳದ ಹಂಡೆಯಲ್ಲಿ ಮೂವತ್ತೈದು ನಿಮಿಷ ಬಿಸಿ ಉಳಿಯಿತು.

"ನೀರಿನ ನಾಡಿ ಹಿಡಿಯಾಕ ಹತ್ಯಾಳ ನೋಡ್ರಿ ಡಾಕ್ಟ್ರಮ್ಮ" ಎಂದು ಮೇಸ್ತ್ರಿ ನಕ್ಕಳು.

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ಸೋದರಮಾವ ಒಂದು ಖಾಲಿ ಎಣ್ಣೆ ಡ್ರಮ್ಮು ಹೊಂದಿಸಿದ. ತೊಳೆಸಿ, ಹೊಸಪೇಟೆಯ ವೆಲ್ಡಿಂಗ್ ಅಂಗಡಿಗೆ ಒಯ್ದೆವು.

"ಅಡ್ಡ ಕೊಯ್ಲೋ, ಉದ್ದ ಕೊಯ್ಲೋ, ತಂಗಿ?" ಎಂದ ವೆಲ್ಡರು.

ಅಡ್ಡ ಕೊಯ್ದು ಮೇಲಿನ ಭಾಗ ತೆಗೆದರೆ ಹಂಡೆಯಂತೆ ಆಳ, ಉದ್ದಕ್ಕೆ ಸೀಳಿದರೆ ತೊಟ್ಟಿಯಂತೆ ಅಗಲ. ನಾನು ಡೈರಿ ತೆರೆದೆ. "ಅಡ್ಡ ಕೊಯ್ರಿ. ಉದ್ದ ಕೊಯ್ದ್ರ ನೀರು ಜಲ್ದಿ ಆರತೈತಿ."

"ಕುಂದ್ರೋರು ಯಾರು?"

"ನಮ್ಮವ್ವ."

"ಆಕಿನ್ನ ಕರಕೊಂಡು ಬರಬೇಕಿತ್ತು" ಎಂದು ಅವನು ಮಾವನ ಮುಖ ನೋಡಿದ.

"ಹುಡುಗಿ ಓದಿದಾಕಿ, ಲೆಕ್ಕ ಹಾಕ್ಯಾಳ. ಕೊಯ್ಯಪ್ಪ ನೀನು" ಎಂದ ಮಾವ.

ಮೇ ಹನ್ನೆರಡು, ಭಾನುವಾರ. ಡ್ರಮ್ಮಿನ ಅಂಚು ಅವ್ವನ ತೊಡೆಗೆ ಬರುತ್ತಿತ್ತು. ಹತ್ತಲು ಕಲ್ಲು ಇಟ್ಟು, ಮೇಸ್ತ್ರಿಯೂ ನಾನೂ ಹಿಡಿದು ಅವಳನ್ನು ಒಳಗೆ ಇಳಿಸಿದೆವು. ಕಾಲು ಚಾಚಲು ಅಲ್ಲಿ ಜಾಗವಿರಲಿಲ್ಲ. ಮೊಣಕಾಲು ಮಡಚಿದರೆ ಮಾತ್ರ ಕೂರಬಹುದಿತ್ತು. ಮಡಚಲು ಬಾರದ್ದೇ ಅವಳ ರೋಗ. ಅರ್ಧಕ್ಕೆ ಬಗ್ಗಿ ಅಂಚು ಹಿಡಿದು ನಿಂತಳು. ಮೇಲೆ ಏಳಲೂ ಆಗಲಿಲ್ಲ. ಕೊನೆಗೆ ಡ್ರಮ್ಮನ್ನೇ ಮೆಲ್ಲಗೆ ವಾಲಿಸಿದೆವು. ಆರು ಕೊಡ ನೀರೂ ಅಂಗಳಕ್ಕೆ ಹೋಯಿತು. ಅವ್ವ ಒದ್ದೆ ಸೀರೆಯಲ್ಲಿ ತೆವಳಿಕೊಂಡು ಹೊರಬಂದಳು.

"ಕರ ಹುಟ್ಟಿದಂಗ ಹುಟ್ಟಿದೆಲ್ಲ ಬೇ" ಎಂದಳು ಮೇಸ್ತ್ರಿ. ಅವ್ವನೂ ನಕ್ಕಳು. ಒಳಗೆ ಬಂದ ಮೇಲೆ ಗೋಡೆಗೆ ಒರಗಿ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿದಳು.

ಇನ್ನೊಂದು ಡ್ರಮ್ಮು ತಂದು ಉದ್ದ ಕೊಯ್ಸೋಣ ಎಂದೆ.

"ಬ್ಯಾಡ. ಮೂರು ಮನಿ ಮಂದಿ ಮುಂದ ಇನ್ನೊಮ್ಮೆ ಬ್ಯಾಡವ್ವ."

ತಪ್ಪು ನನ್ನದೆಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಅಲ್ಲಿಂದ ಬರೀ ಬಿಸಿ ಬಟ್ಟೆಯ ಶಾಖ. ಗೋಡೆ ಹಿಡಿಯದೆ ಅವಳು ಇಟ್ಟ ಹೆಜ್ಜೆಗಳನ್ನು ದಿನಾ ಬರೆದೆ: ಹನ್ನೊಂದು, ಹದಿನಾಲ್ಕು, ಒಂಬತ್ತು, ಒಂಬತ್ತು, ಏಳು.

ಜುಲೈನಲ್ಲಿ ಕಾಲುವೆಗೆ ನೀರು ಬಂತು. ಮೇಸ್ತ್ರಿ ಬಾಗಿಲಲ್ಲಿ ನಿಂತಳು, ಕುಂದ್ರು ಅಂದರೂ ಕೂರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಅವ್ವ, "ನನ್ನ ಜಾಗದಾಗ ಇಕಿನ್ನ ನಿಲ್ಲಸು" ಎಂದಳು.

ಮೇಸ್ತ್ರಿ ನನ್ನ ಕೈ ನೋಡಿದಳು. "ಪೆನ್ನು ಹಿಡಿಯೋ ಕೈ ಇವು."

"ನನ್ನವೂ ಮೊದ್ಲು ಮೆತ್ತಗ ಇದ್ದವು."

ಸೋಮವಾರ ಬೆಳಿಗ್ಗೆ ಬದುವಿನಿಂದ ಮೂರನೆಯದಾದ ಅವ್ವನ ಜಾಗದಲ್ಲಿ ಬಗ್ಗಿದೆ. ಕೆಸರು ತಣ್ಣಗಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಸಾಲು ಉಳಿದವರಿಗಿಂತ ಆರು ಮಾರು ಹಿಂದುಳಿದಿತ್ತು. ಇನ್ನೊಂದು ಹಿಡಿ ಸಸಿ ತೆಗೆದುಕೊಂಡು ಮತ್ತೆ ಬಗ್ಗಿದೆ.