ಸಾವಿರದ ಆರುನೂರು ಕಿಲೋಮೀಟರ್ ಮತ್ತು ಅವ್ವನ ಹುರುಳಿ

ನಾನು ಶುರು ಮಾಡಿದ್ದರಲ್ಲಿ ಕೊನೆ ಮುಟ್ಟಿದ್ದು ಮದುವೆ ಒಂದೇ, ಅದನ್ನೂ ಮುಗಿಸಿದ್ದು ಐನೋರು ಎನ್ನುವುದು ನನ್ನ ಹೆಂಡತಿಯ ಖಾಯಂ ಮಾತು. ಸುಳ್ಳೇನಲ್ಲ. ಡಿಗ್ರಿಯಲ್ಲಿ ಒಂದು ಪೇಪರು ಇವತ್ತಿಗೂ ಬಾಕಿ. ಮನೆಗೆ ಮೆಟ್ಟಿಲಿದೆ, ಮಹಡಿಯಿಲ್ಲ. ಇಂಥವನು ನಲವತ್ತಾರನೇ ವಯಸ್ಸಿನಲ್ಲಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಸಾವಿರದ ಆರುನೂರು ಕಿಲೋಮೀಟರ್ ಬೈಕ್ ಓಡಿಸುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಹೆದರಲಿಲ್ಲ. ಹೇಗೂ ನಂಜನಗೂಡಿನಿಂದ ವಾಪಸ್ ಬರುತ್ತಾನೆ ಅಂದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಇದೊಂದನ್ನಾದರೂ ಮುಗಿಸಿಯೇ ತೀರಬೇಕೆಂದು ಹಟ ಹಿಡಿದೆ.

ನಮ್ಮೂರು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ. ಎರಡು ತಿಂಗಳು ಗುಂಡ್ಲುಪೇಟೆಯ ಮೆಕ್ಯಾನಿಕ್ಕನ ಪ್ರಾಣ ತಿಂದೆ. ಟೈರು, ಬ್ರೇಕು, ಚೈನು ಎಲ್ಲ ಹೊಸದು. ಕ್ಲಚ್ ಕೇಬಲ್ ತುಂಡಾದರೆ ದಾರಿಯಲ್ಲಿ ಪರದಾಡಬಾರದೆಂದು ಅದರ ಪಕ್ಕದಲ್ಲೇ ಇನ್ನೊಂದನ್ನು ಹಾಯಿಸಿ ಕಟ್ಟಿಸಿದೆ. ಸೀಟಿಗೆ ಸ್ಪಂಜು ಏರಿಸಿ ಮೇಲೆ ಕಂಬಳಿ ಹೊದೆಸಿದೆ. ಭಾನುವಾರ ಬಂತೆಂದರೆ ಪುಣಜನೂರಿಗೆ ಹೋಗಿಬಂದು ಅಂಡು ಪಳಗಿಸಿದೆ. ಅದು ಪಳಗಲಿಲ್ಲ, ಮರಗಟ್ಟಿತು. ದಾರಿಯಲ್ಲಿ ಚೈನಿಗೆ ಎಣ್ಣೆ ಬಿಡಲು ಸುಲಭವಾಗಲಿ ಎಂದು ಚೈನ್ ಕವರನ್ನೂ ಬಿಚ್ಚಿಸಿದೆ.

"ಬ್ಯಾಡಿ ಸಾರ್, ನಮ್ ಕಡೆ ರೋಡ್ಗ ಕವರ್ ಇರ್ಬೇಕು" ಎಂದ ಮೆಕ್ಯಾನಿಕ್. ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾದವನಿಗೆ ಇದೆಲ್ಲ ಕಿವಿಗೆ ಬೀಳುತ್ತದೆಯೇ?

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಡಬೇಕಿತ್ತು. ಅವ್ವ ಬೈಕಿಗೆ ವಿಭೂತಿ ಬಳಿದು, ಕರ್ಪೂರ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಡುವ ಹೊತ್ತಿಗೆ ಒಂಬತ್ತಾಯಿತು. ಒಂಬತ್ತಕ್ಕೆ ರಾಹುಕಾಲ ಶುರು. ಅವ್ವ ಹ್ಯಾಂಡಲ್ ಹಿಡಿದು ನಿಂತವಳು ಹತ್ತೂವರೆಯವರೆಗೆ ಬಿಡಲಿಲ್ಲ. ಚಾಮರಾಜನಗರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಬಿಲ್ಲಿನಲ್ಲಿ ಹತ್ತು ಐವತ್ತು. ಮಾರನೆಯ ದಿನ ಅಷ್ಟು ಹೊತ್ತಿಗೆ ಅದೇ ಬಂಕಿನಲ್ಲಿ ಇನ್ನೊಂದು ಬಿಲ್ ಹರಿಸಿದರೆ ಗೆದ್ದಂತೆ.

ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಹಾದು ಕೊಲ್ಲಾಪುರದಾಚೆ ಹೋಗಿ ತಿರುಗಿದೆ. ವಾಪಸ್ ಹಾವೇರಿಗೆ ಬರುವಷ್ಟರಲ್ಲಿ ಸೊಂಟದ ಕೆಳಗಿನದೆಲ್ಲ ಬೇರೆ ಯಾರದೋ ಅನ್ನಿಸುತ್ತಿತ್ತು. ಹಾಡು ಹೇಳಿದೆ, ಹೆಂಡತಿಯ ಕಡೆಯವರನ್ನೆಲ್ಲ ಹೆಸರು ಹಿಡಿದು ಬೈದೆ, ನಿದ್ದೆ ಹತ್ತಿರ ಬರಲಿಲ್ಲ. ಕಿಲೋಮೀಟರ್ ಕಮ್ಮಿ ಬೀಳದಿರಲಿ ಎಂದು ಕೊನೆಗೆ ಗುಂಡ್ಲುಪೇಟೆಯ ಮೇಲೆ ಬಂದೆ. ನಮ್ಮೂರು ಮುಟ್ಟಿದಾಗ ಹತ್ತು ಇಪ್ಪತ್ತು. ಬಂಕಿಗೆ ಇನ್ನು ಕಾಲು ಗಂಟೆ ದಾರಿ. ಅಳು ಬರುವಷ್ಟು ಖುಷಿಯಾಗಿತ್ತು.

ಊರ ಮುಂದೆ ರಸ್ತೆ ತುಂಬ ಹುರುಳಿ ಗಿಡ. ನಮ್ಮ ಕಡೆ ಹುರುಳಿಗೆ ಬೇರೆ ಕಣ ಬೇಕಿಲ್ಲ. ಇಬ್ಬನಿ ಆರಿದ ಮೇಲೆ ಡಾಂಬರಿನ ಮೇಲೆ ಹರಡಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಬಿಟ್ಟಿ ಒಕ್ಕಣೆ ಮಾಡಿಕೊಡುತ್ತವೆ. ಎಂಟಕ್ಕೆ ಹೊರಟಿದ್ದರೆ, ಅದು ಹರಡುವ ಮೊದಲೇ ದಾಟಿ ಹೋಗಿರುತ್ತಿದ್ದೆ. ನಿಧಾನ ಮಾಡಿ ನುಗ್ಗಿಸಿದೆ. ಬಳ್ಳಿ ಕವರಿಲ್ಲದ ಚೈನಿಗೆ ಸುತ್ತಿಕೊಂಡು ಹಿಂದಿನ ಚಕ್ರ ಕಚ್ಚಿಕೊಂಡಿತು. ಬೈಕು ಎಡಕ್ಕೆ ಮಲಗಿತು, ಜೊತೆಗೆ ನಾನೂ.

ಮರದ ನೆರಳಿನಿಂದ ಓಡಿಬಂದದ್ದು ಅವ್ವ. ಹುರುಳಿ ನಮ್ಮದೇ.

"ಕಣ್ಣು ಕಾಣಕಿಲ್ವೇನ್ಲಾ?" ಎನ್ನುತ್ತಲೇ ಹಿಂದಿನಿಂದ ಕೈಹಾಕಿ ಬೈಕು ಎತ್ತಿಸಿದಳು. ಡಬಲ್ ಸ್ಟ್ಯಾಂಡ್ ಹಾಕಿ ನೋಡಿದೆ. ಚೈನೇ ಕಾಣದಷ್ಟು ಬಳ್ಳಿ. ರಸ್ತೆ ಪಕ್ಕ ಕುಸಿದು ಕುಳಿತೆ.

"ಬುಟ್ಬುಡವ್ವ, ಇನ್ನಾಗಕಿಲ್ಲ. ನಿನ್ ರಾಹುಕಾಲ, ನಿನ್ ಹುರುಳಿ ಸೇರ್ಕಂಡು ನನ್ನ ಮುಗಿಸ್ಬುಟ್ವು."

"ಬಾಯ್ ಮುಚ್ಕಂಡು ಚಕ್ರ ತಿರುಗ್ಸು."

ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ, ಅವಳು ಎಡಗೈಯಲ್ಲಿ ಕುಡುಗೋಲು ಹಿಡಿದು ಬಳ್ಳಿ ಕೊಯ್ದಳು. ನನಗೆ ಕಾಣುತ್ತಿದ್ದದ್ದು ಗಡಿಯಾರ ಮಾತ್ರ. ಹತ್ತು ಮೂವತ್ತೆರಡಕ್ಕೆ ಚಕ್ರ ಸಡಿಲವಾಯಿತು. "ಓಗು, ಓಗು" ಎಂದು ಅಟ್ಟಿದಳು.

ಬಿಲ್ಲಿನಲ್ಲಿ ಹತ್ತು ನಲವತ್ತೇಳು ಬಿತ್ತು. ಬಂಕಿನವನಿಗೆ ಕೈ ಮುಗಿದೆ, ಅವನು ಚಿಲ್ಲರೆ ಕೇಳಿದ. ಮನೆಗೆ ಫೋನ್ ಮಾಡಿ ಹೆಂಡತಿಯ ಮುಂದೆ ಬಾಯಿ ತುಂಬ ಜಂಬ ಕೊಚ್ಚಿದೆ. ಆಮೇಲೆ ಬಿಲ್ಲನ್ನು ಬಾವುಟದ ಹಾಗೆ ಹಿಡಿದುಕೊಂಡು ಅವ್ವನ ಬಳಿ ಬಂದೆ.

ಅವಳು ಒಂದೇ ಕೈಯಲ್ಲಿ ಹುರುಳಿ ಬಾಚುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು. ಎಳೆದು ನೋಡಿದೆ. ಅಂಗೈ ಪೂರ್ತಿ ಬೊಬ್ಬೆ. ಬೈಕು ಎತ್ತುವಾಗ ಹಿಡಿದದ್ದು ಕಾದ ಸೈಲೆನ್ಸರನ್ನು.

"ಆಗ್ಲೇ ಯಾಕ ಯೋಳ್ನಿಲ್ಲವ್ವ?"

"ಯೋಳಿದ್ರ ನಿಂತ್ಬುಡ್ತಿದ್ದೆ ಕಣ್ಲಾ" ಎಂದಳು ಅವ್ವ. "ನಿಂಗ ನಿಲ್ಲಕ ಒಂದು ನೆಪ ಸಾಕು."